ಒಂದು ಒಲೆಗೆ ಒಂದು ಕೆಲಸ

ನನ್ನ ತಂಗಿಗೆ ಹೊಟ್ಟೆಕಿಚ್ಚುಪಡಲು ಬರುವುದಿಲ್ಲ. ನಮ್ಮಪ್ಪನ ಮನೆಯಲ್ಲಿದ್ದ ಹೊಟ್ಟೆಕಿಚ್ಚನ್ನೆಲ್ಲ ಮೊದಲು ಹುಟ್ಟಿದ ನಾನೇ ಎತ್ತಿಕೊಂಡು ಅವಳಿಗೆ ಏನೂ ಉಳಿಸಲಿಲ್ಲವೇನೋ. ಅವಳ ಜಡೆ ನನ್ನ ಜಡೆಗಿಂತ ಉದ್ದ. ಅವಳು ಹಾಕಿದ ರಂಗೋಲಿಯನ್ನು ಬೀದಿಯವರು ನಿಂತು ನೋಡಿ ಹೋಗುತ್ತಿದ್ದರು. ನಾನು ಅತ್ತು, ಕಾಲು ಬಡಿದು, ಅಪ್ಪನ ಹತ್ತಿರ ಬೈಸಿಕೊಂಡು ಪಡೆದದ್ದು ಅವಳಿಗೆ ಸುಮ್ಮನೆ ಕೂತಲ್ಲಿಗೆ ಬರುತ್ತಿತ್ತು. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ನನ್ನ ಮಕ್ಕಳಿಗೂ ಗೊತ್ತು, ಅವಳ ಮಕ್ಕಳಿಗೂ ಗೊತ್ತು. ಅವಳಿಗೆ ಮಾತ್ರ ಹೇಳಿದರೂ ಅರ್ಥವಾಗುವುದಿಲ್ಲ.

ನಮ್ಮಿಬ್ಬರಿಗೂ ಒಂದೇ ಚಪ್ಪರದಲ್ಲಿ, ಒಂದೇ ದಿನ ಮದುವೆಯಾಯಿತು. ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ತೆಗೆದ ಪಟ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಮೂವರು ಎದುರಿಗೆ ನೋಡುತ್ತಿದ್ದಾರೆ, ನಾನು ಅವಳ ಸೀರೆಯ ಅಂಚನ್ನು ನೋಡುತ್ತಿದ್ದೇನೆ. ಎರಡೂ ಒಂದೇ ಅಂಗಡಿಯ ಸೀರೆ, ಎರಡಕ್ಕೂ ವ್ಯತ್ಯಾಸವೇ ಇಲ್ಲ ಎಂದು ಅಮ್ಮ ಆಣೆ ಇಟ್ಟು ಹೇಳಿದ್ದಳು. ಅವಳ ಅಂಚು ನನ್ನದಕ್ಕಿಂತ ಅಗಲವಾಗಿತ್ತು. ಬೇಕಾದವರು ಬಂದು ಪಟ ನೋಡಬಹುದು.

ಗಂಡನ ವಿಷಯದಲ್ಲಿ ಮಾತ್ರ ನನ್ನ ಕೈ ಮೇಲಾಗಿತ್ತು, ಕನಿಷ್ಠ ನಾನು ಹಾಗೆ ಅಂದುಕೊಂಡಿದ್ದೆ. ನಮ್ಮವರು ಹೊಳೆದಂಡೆಯ ಊರಿನವರು. ತುಂಗೆ ತುಂಬಿ ಕೆಂಪಗೆ ಹರಿಯುವಾಗಲೂ ಈ ದಡದಿಂದ ಆ ದಡಕ್ಕೆ ಈಜಿ, ತಲೆ ಒರೆಸಿಕೊಳ್ಳದೆ ತಿರುಗಿ ಬರುತ್ತಿದ್ದರು. ಅವರು ನೀರಿನಲ್ಲಿರುವಾಗ ಮುಖದಲ್ಲಿ ಕಾಣುತ್ತಿದ್ದ ಖುಷಿ ಮನೆಯಲ್ಲಿ ನನ್ನ ಎದುರು ಕೂತಾಗಲೂ ಇರುತ್ತಿರಲಿಲ್ಲ. ಹೊಳೆಯ ಮೇಲೂ ನನಗೆ ಸ್ವಲ್ಪ ಕೋಪವಿತ್ತು. ತಂಗಿಯ ಗಂಡ ಬಯಲುಸೀಮೆಯ ಕಡೆಯವನು, ಹಿಟ್ಟಿನ ಗಿರಣಿಯಲ್ಲಿ ಬೆಳೆದವನು. ಮೊಣಕಾಲಿನ ತನಕ ನೀರು ಬಂದರೆ ದೇವರ ಹೆಸರು ಹೇಳುತ್ತಿದ್ದ. ನಾನು ನಾಲ್ಕು ಜನರ ಮುಂದೆ ಅದನ್ನು ಆಡಿಕೊಂಡು ನಗುತ್ತಿದ್ದೆ. ನನ್ನ ತಂಗಿಯೂ ನಗುತ್ತಿದ್ದಳು. ನಗಬಾರದಿತ್ತು, ಸಿಟ್ಟು ಬರಬೇಕಾಗಿತ್ತು, ಅವಳಿಗೆ ಬರಲಿಲ್ಲ.

ಮದುವೆಯಾದ ಮೇಲೆ ನಾವು ಎರಡು ಜೋಡಿಯೂ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಒಂದು ಹಂಚಿನ ಮನೆ ಹಿಡಿದೆವು. ಮುಂದೆ ಎರಡು ಕೋಣೆ, ಹಿಂದೆ ಒಂದು ಉದ್ದನೆಯ ಅಡುಗೆಮನೆ, ಹಿತ್ತಿಲಲ್ಲಿ ಅಕ್ಕಪಕ್ಕದವರಿಗೂ ಸೇರಿದ ಬಾವಿ. ಒಲೆ ಒಂದೇ. ಒಂದು ಹೊತ್ತು ನಾನು ಬೇಯಿಸಿದರೆ ಇನ್ನೊಂದು ಹೊತ್ತು ಅವಳು. ಅವಳು ಮಾಡಿದ ಸಾರನ್ನು ನಮ್ಮವರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ನನ್ನ ಸರದಿಯ ದಿನ ಒಂದೇ ಸಲ. ನಾನು ಎಣಿಸುತ್ತಿರಲಿಲ್ಲ, ಆದರೆ ಕಣ್ಣಿಗೆ ಬೀಳುತ್ತಿತ್ತು.

ನಮ್ಮಿಬ್ಬರಿಗೂ ಮಕ್ಕಳಾದ ಮೇಲೆ ಊರಿಗೆ ಬೋರಿಂಗ್ ಕಂಪನಿ ಬಂದಿತು. ಎಲ್ಲಿಂದಲೋ ಬಂದ ಹೊರಗಿನ ಗುತ್ತಿಗೆದಾರರು. ಹೊಳೆಯಲ್ಲಿ ಎಲ್ಲೆಲ್ಲಿ ಸೇತುವೆಯ ಕಂಬ ನಿಲ್ಲಿಸಬಹುದು, ಎಲ್ಲೆಲ್ಲಿ ಅಡ್ಡಗೋಡೆ ಕಟ್ಟಬಹುದು ಎಂದು ನೋಡಲು ತಳದ ಬಂಡೆಯನ್ನು ಕೊರೆದು ತೆಗೆಯುವುದು ಅವರ ಕೆಲಸ. ಖಾಲಿ ಡಾಂಬರು ಪೀಪಾಯಿಗಳನ್ನು ಸಾಲಾಗಿ ಕಟ್ಟಿ, ಮೇಲೆ ಹಲಗೆ ಹಾಸಿ, ದೊಡ್ಡ ತೆಪ್ಪ ಮಾಡಿದ್ದರು. ತೆಪ್ಪದ ನಡುವೆ ಒಂದು ಕಿಂಡಿ, ಅದರ ಮೇಲೆ ಮೂರು ಕಾಲಿನ ಎತ್ತರದ ಕಂಬ, ಪಕ್ಕದಲ್ಲಿ ಇಂಜಿನ್. ಕಿಂಡಿಯಿಂದ ಪೈಪು ಇಳಿಸಿ, ನೀರು ದಾಟಿ, ಮರಳು ದಾಟಿ, ಬಂಡೆಗೆ ತಾಗಿಸಿ ಕೊರೆಯುತ್ತಿದ್ದರು. ಕೊರೆದಾಗ ಬಂಡೆ ದುಂಡಗೆ ಲಟ್ಟಣಿಗೆಯ ಹಾಗೆ ಮೇಲೆ ಬರುತ್ತಿತ್ತು. ಮೊದಲ ದಿನಗಳಲ್ಲಿ ಅದನ್ನು ನೋಡಲು ದಡದಲ್ಲಿ ಸಂತೆಯಷ್ಟು ಜನ ಸೇರುತ್ತಿದ್ದರು.

ನಮ್ಮ ಮನೆಯ ಇಬ್ಬರಿಗೂ ಆ ತೆಪ್ಪದ ಮೇಲೆ ಕೆಲಸ ಸಿಕ್ಕಿತು. ಹರಿವಿಗೆ ತೆಪ್ಪ ಜರುಗದಂತೆ ನಾಲ್ಕು ದಿಕ್ಕಿಗೆ ಹಗ್ಗ ಕಟ್ಟಿ, ಲಂಗರಿನ ಕಲ್ಲು ಮುಳುಗಿಸುವುದು, ಸಿಕ್ಕಿಕೊಂಡರೆ ಮುಳುಗಿ ಬಿಡಿಸುವುದು ನಮ್ಮವರ ಕೆಲಸ. ತಂಗಿಯ ಗಂಡ ಇಂಜಿನ್ನಿನ ಹತ್ತಿರ. ತೆಪ್ಪವನ್ನು ಗಾಜನೂರಿನ ಕಡೆಗೆ ಒಯ್ದಾಗ, ಇನ್ನೂ ಮೇಲಕ್ಕೆ ಸಕ್ರೆಬೈಲಿನ ಆನೆಗಳು ಹೊಳೆಗೆ ಇಳಿದು ಮೈ ತೊಳೆಸಿಕೊಳ್ಳುವುದನ್ನು ನೋಡಲು ನಮ್ಮವರು ನೀರಲ್ಲೇ ಅಷ್ಟು ದೂರ ಈಜಿ ಹೋಗಿದ್ದರಂತೆ. ತಂಗಿಯ ಗಂಡ ಅಷ್ಟು ಹೊತ್ತೂ ಇಂಜಿನ್ನನ್ನು ತಬ್ಬಿಕೊಂಡು ಕೂತಿದ್ದ ಎಂದು ನಮ್ಮವರೇ ಹೇಳಿ ನಗುತ್ತಿದ್ದರು. ಅವನೂ ನಕ್ಕ. ಇಂಜಿನ್ ಮುಳುಗಿದರೆ ತಾನೂ ಮುಳುಗುವುದು ಗ್ಯಾರಂಟಿ, ಆದ್ದರಿಂದ ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ.

ಅವರ ಮೇಸ್ತ್ರಿ ಭದ್ರಾವತಿಯವನು, ಮನೆಮಾತು ತಮಿಳು, ಕಾರ್ಖಾನೆಗಳಲ್ಲಿ ಪಳಗಿದ ಮನುಷ್ಯ. ಕೆಲಸಕ್ಕೆ ಜನ ಹಿಡಿಯುವುದೂ ಬಿಡುವುದೂ ಅವನ ಕೈಯಲ್ಲಿತ್ತು. ತೆಪ್ಪದ ಮೇಲೆ ಅವನು ನಡೆಸಿಕೊಂಡು ಬಂದ ಒಂದು ಪದ್ಧತಿ ಇತ್ತು. ಒಂದೇ ಒಲೆಯಲ್ಲಿ ಉಣ್ಣುವ ಇಬ್ಬರಲ್ಲಿ ಒಬ್ಬನಿಗೆ ಬರಲಾಗದಿದ್ದರೆ ಇನ್ನೊಬ್ಬ ತನ್ನ ಕೆಲಸದ ಜೊತೆಗೆ ಅವನ ಬದಲಿಯೂ ನಿಲ್ಲಬಹುದು. ಯಾರ ಕೂಲಿ ಎಂದು ಕೇಳುವ ಹಾಗೇ ಇಲ್ಲ, ಹೋಗುವುದು ಒಂದೇ ಒಲೆಗೆ ತಾನೆ. ಆದರೆ ಬೇರೆ ಒಲೆಯವನು ಬಂದು ಬದಲಿ ನಿಲ್ಲುತ್ತೇನೆ ಎಂದರೆ ಮೇಸ್ತ್ರಿ ತೆಪ್ಪ ಹತ್ತಿಸುತ್ತಿರಲಿಲ್ಲ. ಒಂದು ಮನೆಯ ಅನ್ನ ತೆಗೆದು ಇನ್ನೊಂದು ಮನೆಗೆ ಕೊಟ್ಟ ಪಾಪ ತನಗೆ ಬೇಡ ಎನ್ನುತ್ತಿದ್ದ. ಹೀಗೆ ಬದಲಿ ನಿಂತು ನಿಂತು ನಮ್ಮವರು ಇಂಜಿನ್ ನಡೆಸುವುದನ್ನು ಕಲಿತರು. ತಂಗಿಯ ಗಂಡ ಹಗ್ಗ ಕಟ್ಟುವುದನ್ನು ಕಲಿತ, ಈಜು ಮಾತ್ರ ಕಲಿಯಲಿಲ್ಲ.

ಒಂದು ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ, ಅಷ್ಟು ಹೊತ್ತಿಗೆ ಎರಡಾಗಿದ್ದ ಕಂಪನಿಯ ತೆಪ್ಪ ಮತ್ತೆ ಒಂದೇ ಆಗುತ್ತದೆ ಎಂಬ ಸುದ್ದಿ ಬಂತು. ಹೀಗೆ ಆಳು ಕಡಿಮೆ ಮಾಡುವುದನ್ನು ಮೇಸ್ತ್ರಿ ರಿಟ್ರೆಂಚ್‌ಮೆಂಟ್ ಎಂದ. ಭದ್ರಾವತಿಯ ಕಾರ್ಖಾನೆ ಬೀದಿಗಳಲ್ಲಿ ಮಕ್ಕಳಿಗೂ ಗೊತ್ತಿದ್ದ ಪದ ಅದು. ನಮ್ಮ ಹೊಸಮನೆಯಲ್ಲಿ ಅದನ್ನು ಸರಿಯಾಗಿ ಹೇಳಲು ಬರುವ ಮುಂಚೆಯೇ ಕೆಲವರ ಕೆಲಸ ಹೋಗಿತ್ತು. ಕಂಪನಿಯ ಇಂಜಿನಿಯರು ಒಳ್ಳೆಯ ಮನುಷ್ಯ. ಯಾರ ಮನೆಯೂ ಪೂರ್ತಿ ಉಪವಾಸ ಬೀಳಬಾರದು ಎಂದು, ಒಂದೇ ಮನೆಯಿಂದ ಇಬ್ಬರಿದ್ದರೆ ಒಬ್ಬ ನಿಲ್ಲಲಿ, ಒಬ್ಬ ಹೋಗಲಿ ಎಂದನಂತೆ. ಒಂದು ಒಲೆಗೆ ಒಂದು ಕೆಲಸ. ಹೀಗೆಂದು ಮೇಸ್ತ್ರಿ ಬಂದು ನಮ್ಮ ಜಗಲಿಯ ಮೇಲೆ ಕೂತು ಹೇಳಿದ. ನಿಲ್ಲುವವರು ಯಾರು, ಹೋಗುವವರು ಯಾರು, ನಿಮ್ಮಲ್ಲೇ ಮಾತಾಡಿಕೊಳ್ಳಿ ಎಂದು ಎದ್ದು ಹೋದ.

ಗಂಡಸರಿಬ್ಬರೂ ನೀನು ನಿಲ್ಲು, ನೀನು ನಿಲ್ಲು ಎಂದು ಉಪಚಾರ ಮಾಡುತ್ತಾ ಕೂತರು. ನನಗೆ ಮೈ ಉರಿಯಿತು. ತಂಗಿಯ ಗಂಡ ನಿಂತರೆ ನಾನು ಅವಳ ಕೂಲಿಯಲ್ಲಿ ಉಣ್ಣಬೇಕು. ನಮ್ಮವರು ನಿಂತರೆ ಅವಳು ನನ್ನ ಕೂಲಿಯಲ್ಲಿ ಉಂಡು, ಒಂದು ಚೂರೂ ನಾಚಿಕೆಪಡದೆ ಚೆನ್ನಾಗಿಯೇ ಇರುತ್ತಾಳೆ. ಎರಡೂ ನನಗೆ ಸಹಿಸುವ ಮಾತಲ್ಲ. ಒಲೆಯನ್ನೇ ಎರಡು ಮಾಡಿದರೆ ಕೆಲಸವೂ ಎರಡು ಉಳಿಯುತ್ತದಲ್ಲ ಎಂದು ನಾನೇ ಹೇಳಿದೆ. ನನ್ನ ಉಪಾಯ ಕೇಳಿ ಮೂವರೂ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಜೀವನದಲ್ಲಿ ಅಂಥ ನೋಟ ನನಗೆ ಹೆಚ್ಚು ಸಿಕ್ಕಿಲ್ಲ.

ಬಿದಿರಿನ ತಟ್ಟಿ ತಂದು ಅಡುಗೆಮನೆಯ ನಡುವೆ ನಿಲ್ಲಿಸಿದೆವು. ಅದಕ್ಕೆ ಸಗಣಿ ಮಣ್ಣು ಮೆತ್ತಿದೆವು. ಆಚೆ ಬದಿಯಲ್ಲಿ ಅವಳಿಗೊಂದು ಹೊಸ ಒಲೆ ಹೂಡಿದೆವು. ಆದರೆ ಜಗಳವಿಲ್ಲದೆ ಅಕ್ಕತಂಗಿಯರು ಒಲೆ ಬೇರೆ ಮಾಡಿಕೊಂಡರು ಎಂದರೆ ಹೊಸಮನೆಯಲ್ಲಿ ಯಾರೂ ನಂಬುವುದಿಲ್ಲ. ಆದ್ದರಿಂದ ಬಾವಿಕಟ್ಟೆಯ ಹತ್ತಿರ, ನಾಲ್ಕು ಮನೆಯ ಹೆಂಗಸರು ಇರುವಾಗ ಒಂದು ಜಗಳ ಆಡಬೇಕೆಂದು ಮಾತಾಯಿತು. ನಾನು ಅವಳನ್ನು ಸೋಮಾರಿ ಅನ್ನಬೇಕು. ಅವಳು, ಅಕ್ಕ ಉಪ್ಪಿನ ಭರಣಿ ಬಚ್ಚಿಡುತ್ತಾಳೆ ಅನ್ನಬೇಕು. ಹಿಂದಿನ ರಾತ್ರಿ ಅವಳಿಗೆ ಹೇಳಿಕೊಟ್ಟೆ. ಹೇಳಿಕೊಡುವಾಗ ಅವಳು ನಕ್ಕು ನಕ್ಕು ಬಿಕ್ಕಳಿಕೆ ಬರಿಸಿಕೊಂಡಳು.

ಬೆಳಿಗ್ಗೆ ಕೊಡ ಕುಕ್ಕಿ ನಾನು ಶುರು ಮಾಡಿದೆ. ಸೋಮಾರಿ ಎಂಬಲ್ಲಿಗೆ ನಿಲ್ಲಬೇಕಾಗಿತ್ತು. ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಜಡೆಯ ಮಾತು ಬಂತು, ಅಪ್ಪ ಅವಳಿಗೆ ಮಾತ್ರ ತಂದ ಗೆಜ್ಜೆಯ ಮಾತು ಬಂತು, ಸೀರೆಯ ಅಂಚಿನ ಮಾತು ಬಂತು. ನನ್ನ ಪಾಲಿನ ಒಳ್ಳೆಯದನ್ನೆಲ್ಲ ಹುಟ್ಟಿದಾಗಿನಿಂದ ನೀನೇ ತಿಂದೆ ಎಂದೆ. ಅವಳು ತನ್ನ ಪಾಲಿನ ಮಾತನ್ನು ಆಡಲಿ ಎಂದು ಕಾದೆ. ಉಪ್ಪಿನ ಭರಣಿಯ ಮಾತು ಅವಳ ಬಾಯಿಂದ ಬರಲೇ ಇಲ್ಲ. ಕೊಡ ಹಿಡಿದುಕೊಂಡು ನಿಂತೇ ಇದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡಿತು. ಹೆಂಗಸರೆಲ್ಲ ಅವಳನ್ನು ಸುತ್ತುಗಟ್ಟಿ ಸಮಾಧಾನ ಮಾಡಿದರು. ನನ್ನನ್ನು ನೋಡಿ ಮೂಗು ಮುರಿದರು. ಉಪಾಯ ನನ್ನದು, ಕಷ್ಟಪಟ್ಟು ಜಗಳ ಆಡಿದವಳು ನಾನು, ಕನಿಕರ ಅವಳ ಪಾಲಿಗೆ ಹೋಯಿತು. ಒಳಗೆ ಬಂದ ಮೇಲೆ ಅವಳು, ಎಷ್ಟು ಚೆನ್ನಾಗಿ ಆಡಿದೆ ಅಕ್ಕ, ನಂಗೆ ನಿಜ ಅಂತಲೇ ಅನ್ನಿಸಿಬಿಡ್ತು ಎಂದಳು. ನಾನು ಕೊಡದ ನೀರನ್ನು ಹಂಡೆಗೆ ಸುರಿದೆ.

ಮೇಸ್ತ್ರಿ ಬಂದು ಎರಡು ಒಲೆ ನೋಡಿದ. ತಟ್ಟಿಯ ಆಚೆ ಒಂದು ಲೋಟ ಕಾಫಿ ಕುಡಿದ, ಈಚೆ ಒಂದು ಲೋಟ ಕುಡಿದ. ಎರಡರ ರುಚಿಯೂ ಬೇರೆ ಬೇರೆ ಇದೆ, ಒಲೆ ನಿಜವಾಗಿಯೂ ಬೇರೆಯಾಗಿದೆ ಎಂದು ಹೇಳಿದ. ಯಾರ ಕಾಫಿ ಚೆನ್ನಾಗಿತ್ತು ಎಂದು ನಾನು ಕೇಳಲಿಲ್ಲ. ಇಬ್ಬರ ಕೆಲಸವೂ ಉಳಿಯಿತು.

ಮೇಸ್ತ್ರಿ ಯಾವಾಗ ಬೇಕಾದರೂ ಬಂದಾನು ಎಂದು ತಟ್ಟಿಯನ್ನು ಹಾಗೇ ಬಿಟ್ಟೆವು. ತಂಗಿ ಆಗಾಗ ತೆಗೆಯೋಣವೇ ಎಂದು ಕೇಳುತ್ತಿದ್ದಳು. ನಾನು ಇನ್ನಷ್ಟು ದಿನ ಇರಲಿ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ತಟ್ಟಿ ಇಷ್ಟವಾಗಿತ್ತು. ನನ್ನ ಎಣ್ಣೆ ನನ್ನದು, ನನ್ನ ಉಪ್ಪು ನನ್ನದು, ನಮ್ಮವರು ಉಣ್ಣುವುದು ನನ್ನ ಕೈಯ ಸಾರನ್ನೇ. ಒಮ್ಮೆ ಅವರಿಗೆ ಜ್ವರ ಬಂದು ಮಲಗಿದಾಗ ತಂಗಿಯ ಗಂಡ ಎಂದಿನಂತೆ ಬದಲಿ ನಿಲ್ಲಲು ಹೋದ. ನಿಮ್ಮದು ಬೇರೆ ಒಲೆಯಲ್ಲವೇ ಎಂದು ಮೇಸ್ತ್ರಿ ಒಪ್ಪಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ಗಂಜಿ. ಆಗಲೂ ನನಗೆ ಬುದ್ಧಿ ಬರಲಿಲ್ಲ. ಗಂಜಿಯಾದರೂ ನನ್ನದೇ ಎಂದುಕೊಂಡೆ.

ಮುಂದಿನ ಬೇಸಿಗೆಯ ಹೊತ್ತಿಗೆ ಹೊಳೆಯ ಕೆಲಸ ಮುಗಿಯುತ್ತಾ ಬಂತು. ಕಂಪನಿಗೆ ಈಗ ಮಂಗಳೂರಿನ ಕಡೆ ಕೆಲಸ ಸಿಕ್ಕಿತ್ತು. ಅಲ್ಲಿ ಬಂದರು ಕಟ್ಟುತ್ತಾರಂತೆ, ದಡ ಬಿಟ್ಟು ದೂರ ಸಮುದ್ರದಲ್ಲೇ ತೆಪ್ಪ ನಿಲ್ಲಿಸಿ ತಳ ಕೊರೆಯಬೇಕಂತೆ. ನಮ್ಮವರು ಆ ಸುದ್ದಿ ತಂದ ದಿನ ಊಟಕ್ಕೆ ಕೂತವರು ಕೈ ಒಣಗಿದರೂ ಏಳಲಿಲ್ಲ. ಸಮುದ್ರದಲ್ಲಿ ಆಚೆ ದಡವೇ ಕಾಣುವುದಿಲ್ಲವಂತೆ, ಎಷ್ಟು ಈಜಿದರೂ ಮುಗಿಯುವುದಿಲ್ಲವಂತೆ ಎಂದು ಹೇಳಿದ್ದನ್ನೇ ಹೇಳಿದರು. ಸಮುದ್ರಕ್ಕೆ ಹೋಗುವವರು ಕೆಲವೇ ಜನ, ಉಳಿದವರಿಗೆಲ್ಲ ಕೆಲಸ ಇಲ್ಲ. ಆದರೆ ಈಜು ಬರುವವನನ್ನು ಬಿಟ್ಟು ಸಮುದ್ರಕ್ಕೆ ಇನ್ಯಾರನ್ನು ಒಯ್ಯುತ್ತಾರೆ ಎಂದು ನಮ್ಮಿಬ್ಬರಿಗೂ ಧೈರ್ಯ. ನಾನು ಆಗಲೇ ಬಾವಿಕಟ್ಟೆಯಲ್ಲಿ ಮಂಗಳೂರಿನ ಸೆಕೆಯ ಬಗ್ಗೆ ಮಾತಾಡಲು ಶುರು ಮಾಡಿದ್ದೆ.

ಮೇಸ್ತ್ರಿ ಆರಿಸಿದ್ದು ತಂಗಿಯ ಗಂಡನನ್ನು. ಈಜು ಬರುವವನು ಯಾವಾಗಲೂ ನೀರಿನ ಕಡೆ ನೋಡುತ್ತಿರುತ್ತಾನೆ, ಬಾರದವನು ಇಂಜಿನ್ ಬಿಟ್ಟು ಕದಲುವುದಿಲ್ಲ, ಸಮುದ್ರದಲ್ಲಿ ತನಗೆ ಬೇಕಾದವನು ಅಂಥವನೇ ಎಂದನಂತೆ. ನಮ್ಮವರು ಮಧ್ಯಾಹ್ನವೇ ಮನೆಗೆ ಬಂದು ಸಾಮಾನಿನ ಚೀಲವನ್ನು ಗೂಟಕ್ಕೆ ನೇತುಹಾಕಿ, ಇನ್ನು ಬರಬೇಡ ಅಂದ್ರು ಕಣೆ ಎಂದರು. ಮತ್ತೆ ಹೊಳೆಯ ಕಡೆಗೇ ಹೋದರು. ಆ ದಿನ ಕತ್ತಲಾಗುವವರೆಗೂ ಬರಲಿಲ್ಲ.

ನನ್ನ ಅವಸ್ಥೆ ಏನು ಹೇಳಲಿ. ಕೆಲಸ ಹೋದದ್ದಕ್ಕೆ ಅಳು ಬಂದಿದ್ದರೆ ಅತ್ತುಬಿಡುತ್ತಿದ್ದೆ. ಬಂದದ್ದು ಉರಿ. ಮೊಣಕಾಲು ನೀರಿಗೆ ಹೆದರುವವನು ಸಮುದ್ರಕ್ಕೆ, ಹೊಳೆಯಲ್ಲಿ ಹುಟ್ಟಿ ಬೆಳೆದವನು ಜಗಲಿಗೆ. ನನ್ನ ಗಂಡನಿಗೆ ಸಲ್ಲಬೇಕಾದ ಸಮುದ್ರವನ್ನೂ ಅವಳೇ ತೆಗೆದುಕೊಂಡಳು. ಅದೂ ಕೇಳದೆಯೇ. ತಟ್ಟಿಯ ಆಚೆ ಅವಳು ಕಾಯಿ ಹುರಿಯುತ್ತಿದ್ದ ಘಮ ಬಂತು. ಸಂಭ್ರಮಕ್ಕೆ ಸಿಹಿ ಮಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ದಿನದ ಚಟ್ನಿಪುಡಿ.

ಸಂಜೆ ಅವಳು ಹಿತ್ತಿಲ ಬಾಗಿಲಿಂದ ನನ್ನ ಕಡೆಗೆ ಬಂದಳು. ತಲೆ ಕೆದರಿತ್ತು, ಎಲ್ಲಿಂದಲೋ ಓಡಿಬಂದವಳ ಹಾಗೆ ಏದುತ್ತಿದ್ದಳು.

"ಅಕ್ಕ, ಈ ತಟ್ಟಿ ತೆಗೆದುಬಿಡೋಣ. ಇವತ್ತೇ ತೆಗೀಬೇಕು."

"ಯಾಕೆ? ನಿನ್ನ ಗಂಡ ದುಡಿದದ್ದನ್ನ ನಂಗೂ ಒಂದು ತುತ್ತು ಹಾಕೋಕಾ?"

"ಹಾಗಲ್ಲ ಮಾರಾಯ್ತಿ, ಕೇಳಿಲ್ಲಿ. ಮೇಸ್ತ್ರಿ ಏನು ಹೇಳಿದ್ರು ಅಂದ್ರೆ..."

"ಆ ಮೇಸ್ತ್ರಿ ಹೆಸರು ನನ್ನ ಒಲೆ ಮುಂದೆ ಎತ್ತಬೇಡ. ತಟ್ಟಿ ಇರುತ್ತೆ. ನೀನು ನಿನ್ನ ಕಡೆ ಹೋಗು."

ಅವಳು ಇನ್ನೂ ನಿಂತೇ ಇದ್ದಳು. ಬಾಯಿ ತೆರೆಯಲು ನೋಡಿದಳು. ನಾನು ಡಬ್ಬಿಯಿಂದ ಒಂದು ಹಿಡಿ ಒಣಮೆಣಸಿನಕಾಯಿ ತೆಗೆದು ಉರಿಯುವ ಒಲೆಗೆ ಹಾಕಿದೆ. ಘಾಟು ಎದ್ದು ಅಡುಗೆಮನೆಯ ಆಚೆ ಈಚೆ ಎರಡೂ ತುಂಬಿತು. ಅವಳು ಕೆಮ್ಮುತ್ತಾ, ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ನಾನೂ ಕೆಮ್ಮಿದೆ, ಕಣ್ಣು ಉರಿದು ನೀರು ಸುರಿಯಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ.

ಮರುದಿನ ಬೆಳಿಗ್ಗೆ ಲಾರಿ ಬಂತು. ಕಂಬ, ಪೈಪು, ಇಂಜಿನ್ ಎಲ್ಲ ಏರಿಸಿದ್ದರು, ಅದರ ಮೇಲೆ ತಂಗಿಯ ಗಂಡನೂ ಹತ್ತಿ ಕೂತ. ಅವನ ಮುಖ ಬೆಳ್ಳಗಾಗಿತ್ತು. ನಮ್ಮವರು ಅವನಿಗೆ ತಮ್ಮ ಹಗ್ಗ ಕೊಟ್ಟು, ಇದನ್ನ ಸೊಂಟಕ್ಕೆ ಕಟ್ಟಿಕೊಂಡೇ ಇರು ಎಂದು ಹೇಳಿದರು. ಮಳೆಗೆ ಮುಂಚೆ ತಂಗಿಯೂ ಮಕ್ಕಳನ್ನು ಕಟ್ಟಿಕೊಂಡು ಮಂಗಳೂರಿಗೆ ಹೋದಳು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಬೀಸಿದಳು. ನಾನು ಮಗುವಿನ ಮೂಗು ಒರೆಸುವ ನೆಪ ಮಾಡಿಕೊಂಡು ಕೈ ಎತ್ತಲಿಲ್ಲ.

ನಮ್ಮ ಆ ಕೆಲವು ತಿಂಗಳುಗಳನ್ನು ವಿವರಿಸಿ ಉಪಯೋಗವಿಲ್ಲ. ನಮ್ಮವರು ಮಂಡಿಯಲ್ಲಿ ಅಡಿಕೆ ಮೂಟೆ ಹೊತ್ತರು, ಮರದ ಡಿಪೋದಲ್ಲಿ ನಿಂತರು, ಸಿಕ್ಕಿದ್ದು ಮಾಡಿದರು. ನಾನು ತಟ್ಟಿಯ ಈಚೆ ಕೂತು, ಆಚೆ ತಣ್ಣಗಿದ್ದ ಅವಳ ಒಲೆಯನ್ನು ನೆನೆದು, ಅವಳು ಈಗ ಸಮುದ್ರ ನೋಡುತ್ತಿರುತ್ತಾಳೆ ಎಂದುಕೊಳ್ಳುತ್ತಿದ್ದೆ. ನಾನು ಸಮುದ್ರ ನೋಡಿದವಳಲ್ಲ. ನೋಡಬೇಕೆಂಬ ಆಸೆ ಹಿಂದೆಂದೂ ಇರಲಿಲ್ಲ, ಅವಳು ಹೋದ ಮೇಲೆ ಹುಟ್ಟಿತು. ಹಬ್ಬಕ್ಕೆ ಬಂದಾಗ ಅವಳು, ಸಮುದ್ರ ಅಂದ್ರೆ ಏನಿಲ್ಲ ಅಕ್ಕ, ಬರೀ ನೀರು, ಒಂದೇ ಸಮನೆ ಸದ್ದು, ನಂಗೆ ನಿದ್ದೆಯೇ ಬರಲ್ಲ ಎಂದಳು. ಸಿಕ್ಕಿದ್ದಕ್ಕೆ ಬೆಲೆಯೂ ಗೊತ್ತಿಲ್ಲದವಳಿಗೆ ಸಿಕ್ಕಿತಲ್ಲ ಎಂದು ಇನ್ನೂ ಉರಿಯಿತು.

ಅಷ್ಟರಲ್ಲಿ ನಮ್ಮವರಿಗೆ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸ ಸಿಕ್ಕಿತು. ಮೊದಲು ಬೆಳಗಿನ ರೈಲಿನಲ್ಲಿ ಹೋಗಿಬರುತ್ತಿದ್ದರು, ಆಮೇಲೆ ಕ್ವಾರ್ಟರ್ಸ್ ಕೊಟ್ಟರು. ಸಣ್ಣ ಮನೆ, ಆದರೆ ಅಡುಗೆಮನೆಯಲ್ಲೇ ನಲ್ಲಿ. ಗೋಡೆಯ ಮೇಲೆ ಗುಂಡಿ ಒತ್ತಿದರೆ ಬಲ್ಬು ಹತ್ತುತ್ತಿತ್ತು. ಬೀದಿಯಲ್ಲಿ ಎಡಕ್ಕೆ ತಮಿಳರು, ಬಲಕ್ಕೆ ತೆಲುಗರು, ಎಲ್ಲರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಮ್ಮವರು ಕುಲುಮೆಯ ಹತ್ತಿರ ನಿಲ್ಲುತ್ತಿದ್ದರು. ಅವರ ಮೈಚರ್ಮ ಬಿರುಕು ಬಿಟ್ಟಿತು, ರೆಪ್ಪೆಯ ಕೂದಲು ಸುಟ್ಟು ಗಿಡ್ಡವಾಯಿತು. ಪಾಳಿ ಮುಗಿಸಿ ಬರುವಾಗ ಭದ್ರೆಯ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಇಳಿದು ಈಜಬಾರದೇ ಎಂದು ನಾನು ಒಮ್ಮೆ ಕೇಳಿದೆ. ಇನ್ನೇನು ಈಜು ಎಂದರು.

ಸಮುದ್ರದ ಕೆಲಸವೂ ಬಹಳ ದಿನ ಉಳಿಯಲಿಲ್ಲ. ಒಂದು ದಿನ ಅಲ್ಲಿಯೂ ಅದೇ ರಿಟ್ರೆಂಚ್‌ಮೆಂಟ್ ಬಂತು. ಮೇಸ್ತ್ರಿಯನ್ನೂ ಸೇರಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಈ ಸಲ ಒಲೆ ಎಷ್ಟು ಎಂದು ಯಾರೂ ಕೇಳಲಿಲ್ಲವಂತೆ. ತಂಗಿಯ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಹೊಸಮನೆಗೆ ತಿರುಗಿ ಬಂತು. ಸುದ್ದಿ ಕೇಳಿದ ದಿನ ನಾನು ಪಾಯಸ ಮಾಡಿದೆ. ಏನು ವಿಶೇಷ ಎಂದು ನಮ್ಮವರು ಕೇಳಿದರು. ಹಾಲು ಮಿಕ್ಕಿತ್ತು ಎಂದೆ.

ಅವರನ್ನು ಊಟಕ್ಕೆ ಕರೆಸಿದೆ. ಕರೆಸಿದ್ದು ಯಾಕೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಲ್ಲಿಯನ್ನು ಬೂದಿ ಹಾಕಿ ಉಜ್ಜಿ ಹೊಳೆಯಿಸಿದ್ದೆ. ಹಗಲಿನಲ್ಲೇ ದೀಪ ಹತ್ತಿಸಿಟ್ಟಿದ್ದೆ. ಒಂದು ಸಲ, ಒಂದೇ ಒಂದು ಸಲ ಅವಳ ಮುಖ ಸಣ್ಣದಾಗುವುದನ್ನು ನೋಡಬೇಕಿತ್ತು. ಅವಳು ಬಂದಳು. ಗುಂಡಿ ಒತ್ತಿದಳು, ಆರಿಸಿದಳು, ಮತ್ತೆ ಒತ್ತಿದಳು. ನಲ್ಲಿ ತಿರುಗಿಸಿ ಕೈ ಒಡ್ಡಿ ನಿಂತಳು. ಇನ್ನು ನೀನು ಕೊಡ ಹೊರಬೇಕಿಲ್ಲ ಅಲ್ವಾ ಅಕ್ಕ, ನಿನ್ನ ಸೊಂಟನೋವು ನೆನೆಸಿಕೊಂಡು ಎಷ್ಟು ಸಲ ಅನ್ಕೊಂಡಿದ್ದೆ ಎಂದು ಹೇಳಿ ಕಣ್ಣು ಒರೆಸಿಕೊಂಡಳು. ಅದು ನಾಟಕವಲ್ಲ. ನಾಟಕ ಅವಳಿಗೆ ಬರುವುದಿಲ್ಲ ಎಂದು ಬಾವಿಕಟ್ಟೆಯಲ್ಲಿ ನೋಡಿದ್ದೆನಲ್ಲ.

ಯಾರೂ ಹೇಳದೆ ಅವಳು ನನ್ನ ಒಲೆಯ ಮುಂದೆ ಕೂತು ಕಾಯಿ ತುರಿಯಲು ಶುರು ಮಾಡಿದಳು. ಹಳೆಯ ಮನೆಯಲ್ಲಿ ಕೂರುತ್ತಿದ್ದ ಹಾಗೆಯೇ. ಗಂಡಸರಿಬ್ಬರೂ ಹೊರಗೆ ಕಟ್ಟೆಯ ಮೇಲೆ ಇದ್ದರು. ಸಮುದ್ರದ ಅಲೆ ತೆಪ್ಪವನ್ನು ಹೇಗೆ ಎತ್ತುತ್ತದೆ ಎಂದು ನಮ್ಮವರು ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದರು. ತಂಗಿಯ ಗಂಡ ತಾನು ಮೊದಲ ತಿಂಗಳೆಲ್ಲ ವಾಂತಿ ಮಾಡಿಕೊಂಡ ಕಥೆಯನ್ನೇ ಹೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದು ಅವಳು ತುರಿಯುವುದನ್ನು ನಿಲ್ಲಿಸದೆ ಹೇಳಿದಳು.

"ಭಾವನೇ ಹೋಗಬೇಕಾಗಿತ್ತು ಅಕ್ಕ. ಅವತ್ತು ನಾನು ಮೇಸ್ತ್ರಿ ಕಾಲು ಹಿಡಿದಿದ್ದೆ. ನಮ್ಮವರಿಗೆ ಈಜು ಬರಲ್ಲ, ಜೀವ ಹೋಗುತ್ತೆ, ಅವರ ಬದಲಿ ಭಾವನ್ನ ಕಳಿಸಿ, ಭಾವಂಗೂ ಇಂಜಿನ್ ಬರುತ್ತೆ ಅಂತ. ಬೇರೆ ಒಲೆಯವರನ್ನ ಬದಲಿ ತಗೊಳ್ಳಲ್ಲ ಅಂದ್ರು. ಬೆಳಿಗ್ಗೆ ಲಾರಿ ಬರೋದ್ರೊಳಗೆ ತಟ್ಟಿ ತೆಗೆದು ಒಂದೇ ಒಲೆ ಮಾಡ್ಕೊಂಡ್ರೆ ಯಾರು ಹತ್ತಿದ್ರೂ ಸರಿ ಅಂದ್ರು. ಅದಕ್ಕೇ ಓಡಿಬಂದಿದ್ದು."

ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ, ಹೇಳಲು ಬಂದವಳಿಗೆ ನಾನು ಏನು ಮಾಡಿದೆ ಎಂಬುದು ನನಗೂ ಗೊತ್ತು ಅವಳಿಗೂ ಗೊತ್ತು. ಆದರೂ ಕೇಳಿದೆ. ರಾತ್ರಿ ನಿನ್ನ ಭಾವನಿಗಾದರೂ ಹೇಳಬಹುದಿತ್ತಲ್ಲ ಎಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಇದರಲ್ಲಿ ಕೇಳುವುದಕ್ಕೇನಿದೆ ಎಂಬ ಹಾಗೆ.

"ನಾನು ಹೇಳೋ ಮುಂಚೆನೇ ವಿಷಯ ತಿಳ್ಕೊಂಡು ನೀನು ಬೇಡ ಅಂದ್ಯಲ್ಲ. ನಂಗೆ ನಮ್ಮವರದು ಎಷ್ಟು ಭಯವೋ ನಿಂಗೂ ಭಾವಂದು ಅಷ್ಟೇ ಭಯ ಅಂತ ಅವಾಗ ಗೊತ್ತಾಯ್ತು. ಗಂಡನ್ನ ಸಮುದ್ರಕ್ಕೆ ಕಳಿಸೋಕೆ ಯಾವಳಿಗೆ ಮನಸ್ಸು ಬರುತ್ತೆ? ಆಮೇಲೆ ಭಾವನ ಹತ್ರ ಹೇಳೋದು ತಪ್ಪು ಅನ್ನಿಸ್ತು."

ಇಷ್ಟು ಹೇಳಿ ಅವಳು ಮತ್ತೆ ಕಾಯಿ ತುರಿದಳು. ಹೊರಗೆ ನಮ್ಮವರು ಅಲೆಯ ಎತ್ತರವನ್ನು ಕೈ ಎತ್ತಿ ತೋರಿಸಿ, ಇಷ್ಟಾ, ಇನ್ನೂ ಮೇಲಾ ಎಂದು ಕೇಳುತ್ತಿದ್ದರು. ಸಮುದ್ರಕ್ಕೆ ಹೋಗಿದ್ದರೂ ಅವರ ಕೆಲಸ ಉಳಿಯುತ್ತಿರಲಿಲ್ಲ, ಈ ಕಾರ್ಖಾನೆಯ ಕೆಲಸವೂ ಸಿಗುತ್ತಿರಲಿಲ್ಲ ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿದೆ. ಆಮೇಲೂ ಎಷ್ಟೋ ಸಲ ಹಾಕಿದ್ದೇನೆ. ಲೆಕ್ಕ ಸರಿಯಾಗಿಯೇ ಬರುತ್ತದೆ. ಅವರು ಕೊನೆಯವರೆಗೂ ಸಮುದ್ರ ನೋಡಲಿಲ್ಲ. ನಾನೂ ಕರೆದುಕೊಂಡು ಹೋಗಿ ಎಂದು ಬಾಯಿಬಿಟ್ಟು ಕೇಳಲಿಲ್ಲ.

ಅವಳು ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಅವಳ ಪಾಲಿಗೆ ಅದು ಮುಗಿದ ಮಾತು. ಅವಳ ತಲೆಯೊಳಗೆ ಒಬ್ಬಳು ಅಕ್ಕ ಇದ್ದಾಳೆ. ಆ ಅಕ್ಕ ಗಂಡನ ಜೀವಕ್ಕೆ ಹೆದರಿ, ತಟ್ಟಿ ತೆಗೆಯಲು ಬಿಡದೆ, ಒಲೆಯ ಮುಂದೆ ಕಣ್ಣೀರು ಸುರಿಸುತ್ತಾ ಕೂತಿದ್ದಳು. ನನ್ನ ತಂಗಿಯ ಜಡೆ, ಸೀರೆ, ಸಮುದ್ರ ಎಲ್ಲದರ ಮೇಲೂ ಹೊಟ್ಟೆಕಿಚ್ಚುಪಟ್ಟಿದ್ದೇನೆ, ಆ ಕಿಚ್ಚುಗಳು ಒಂದೊಂದಾಗಿ ಆರಿಹೋಗಿವೆ. ಆ ಅಕ್ಕನ ಮೇಲಿನ ಕಿಚ್ಚು ಮಾತ್ರ ಇನ್ನೂ ಆರಿಲ್ಲ.